ಕ್ಯೂ ಕೈ ಕೊಡ್ತಿದ್ರೆ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ

ಪೂಲ್ ಆಟದಲ್ಲಿ ಬಾಲ್ ಹೊಡೆಯೋ ಕ್ಯೂ ನೋಡೋಕೆ ಒಂದು ಕೋಲು ಅಷ್ಟೇ, ಆದ್ರೆ ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಸುಲಭಕ್ಕೆ ಬಾಯಿಬಿಡಲ್ಲ. ಹಿಂದಿನ ದಪ್ಪ ಭಾಗದಲ್ಲಿ ಸಡಿಲ ಆಗಿರೋ ಸ್ಕ್ರೂ ಸದ್ದು ಮುಂದೆ ತುದಿಯ ಚರ್ಮ, ಅಂದ್ರೆ ಟಿಪ್ಪಿಂದ ಬಂದಂಗೆ ಕೇಳ್ಸುತ್ತೆ, ಟಿಪ್ ಗಾಜಿನಂಗೆ ನುಣ್ಣಗಾಗಿ ಚಾಕ್ ಹಿಡೀತಿಲ್ಲ ಅಂದ್ರೆ ನಮ್ಮ ಸ್ಟ್ರೋಕೇ ಹಾಳಾಗಿದೆ ಅನ್ಸುತ್ತೆ, ಕೈ ಬೆವರಿ ಮುಂದಿನ ತೆಳ್ಳನೆ ಭಾಗ ಸಿಕ್ಕಾಕೊಂಡು ಓಡ್ತಿದ್ರೆ ಕ್ಯೂ ಬಾಗಿದೆ ಅಂತ ಅನುಮಾನ ಬರುತ್ತೆ. ನಾನು ಒಂದ್ಸಲ ಹೊಡೆದಾಗೆಲ್ಲ ಝುಂಯ್ ಅಂತಿದ್ದ ಒಂದು ಸದ್ದಿಗೋಸ್ಕರ ಎರಡು ಒಳ್ಳೇ ಟಿಪ್ ಕಿತ್ತು ಬಿಸಾಕಿದೀನಿ, ಕೊನೆಗೆ ನೋಡಿದ್ರೆ ಹಿಂದಿನ ರಬ್ಬರ್ ಬಂಪರಿನ ಸ್ಕ್ರೂ ಅರ್ಧ ಸುತ್ತು ಸಡಿಲ ಆಗಿತ್ತು. ಅರ್ಧ ಸುತ್ತು, ಅಷ್ಟೇ! ಆವತ್ತಿಂದ ಒಂದು ನಿಯಮ ಮಾಡ್ಕೊಂಡಿದೀನಿ: ವಾಪಸ್ ಮಾಡೋಕಾಗೋ ಕೆಲಸ ಮೊದಲು, ವಾಪಸ್ ಮಾಡೋಕಾಗದ ಕೆಲಸ ಕೊನೆಗೆ. ಬಿಚ್ಚೋದು, ಒರೆಸೋದು, ಟೈಟ್ ಮಾಡೋದು ಮೊದಲು. ಕತ್ತರಿಸೋದು, ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಾಕಿ ಉಜ್ಜೋದು, ಅಂಟಿಸೋದು ಆಮೇಲೆ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ ಹತ್ತು ಶಾಟ್ ಹೊಡೆದು ನೋಡಿ, ಎಲ್ಲ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಶುರು.

ಭಾಗಗಳ ಹೆಸರು ಬೇಗ ಹೇಳಿ ಮುಗಿಸ್ತೀನಿ. ತುದೀಲಿರೋ ಚರ್ಮದ ತುಂಡು ಟಿಪ್, ಅದು ಕೂತಿರೋ ಬಿಳಿ ಬಳೆ ಥರದ್ದು ಫೆರೂಲ್, ಆಮೇಲೆ ತೆಳ್ಳಗೆ ಉದ್ದಕ್ಕೆ ಬರೋದು ಶಾಫ್ಟ್, ಸಾಮಾನ್ಯವಾಗಿ ಗಟ್ಟಿ ಮೇಪಲ್ ಮರ, ಈಗೀಗ ಕಾರ್ಬನ್ ಫೈಬರ್ ಕೂಡ. ನಡುವೆ ತಿರುಗಿಸಿ ಬಿಚ್ಚೋ ಜಾಗ ಜಾಯಿಂಟ್, ಅದರ ಸ್ಕ್ರೂಗೆ ಪಿನ್ ಅಂತಾರೆ. ಹಿಂದಿನ ದಪ್ಪ ಭಾಗ ಬಟ್, ಕೈ ಹಿಡಿಯೋ ಕಡೆ ಸುತ್ತಿರೋದು ವ್ರ್ಯಾಪ್, ಕೊನೇಲಿ ಬಂಪರ್, ಸುಮಾರು ಕ್ಯೂಗಳಲ್ಲಿ ಬಂಪರ್ ಒಳಗಡೆ ತೂಕದ ಬೋಲ್ಟ್ ಇರುತ್ತೆ. ಪೂರ್ತಿ ಉದ್ದ 57-58 ಇಂಚು, ತೂಕ ಸಾಮಾನ್ಯವಾಗಿ 18ರಿಂದ 21 ಔನ್ಸ್, ಅಂದ್ರೆ ಹೆಚ್ಚುಕಮ್ಮಿ 510ರಿಂದ 595 ಗ್ರಾಂ, ಟಿಪ್ ಅಗಲ 13 ಎಂಎಂ ಆಸುಪಾಸು. ಸ್ನೂಕರ್ ಕ್ಯೂ ಬೇರೆ ಜಾತಿ, ಟಿಪ್ 9-10 ಎಂಎಂ, ಫೆರೂಲ್ ಹಿತ್ತಾಳೆ, ಶಾಫ್ಟ್ ಹೆಚ್ಚಾಗಿ ಆಶ್ ಮರ, ಆದ್ರೂ ಇಲ್ಲಿ ಹೇಳೋದ್ರಲ್ಲಿ ಬಹಳಷ್ಟು ಅದಕ್ಕೂ ನಡೆಯುತ್ತೆ.

ಮೊದಲು ತಪ್ಪು ಕ್ಯೂದಾ, ನಮ್ಮದಾ

ಇದನ್ನ ಯಾರೂ ಕೇಳ್ಕೊಳ್ಳಲ್ಲ. ಪಕ್ಕದಲ್ಲಿರೋ ಯಾವುದಾದ್ರೂ ಬೇರೆ ಕ್ಯೂ ತಗೊಂಡು ಅದೇ ಟೇಬಲ್, ಅದೇ ಬಾಲ್, ಅದೇ ಚಾಕಲ್ಲಿ ಅದೇ ಶಾಟ್ ಹತ್ತು ಸಲ ಹೊಡೀರಿ. ತೊಂದರೆ ಅಲ್ಲೂ ಬಂದ್ರೆ ನಿಮ್ಮ ಕ್ಯೂ ಪಾಪ, ಅದನ್ನ ಬಿಟ್ಬಿಡಿ. ಬರ್ಲಿಲ್ಲ ಅಂದ್ರೆ, ಮತ್ತೆ ನಿಮ್ಮದೇ ಬಟ್ಟಿಗೆ ಕೂರೋ ಇನ್ನೊಂದು ಶಾಫ್ಟ್ ಸಿಕ್ರೆ, ಬದಲಾಯಿಸಿ ನೋಡಿ, ತಪ್ಪು ಶಾಫ್ಟ್ ಜೊತೆ ಹೋಯ್ತಾ ಬಟ್ ಜೊತೆ ಉಳೀತಾ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ. ಆದ್ರೆ ಹುಷಾರು, ಪಿನ್ ಎಲ್ಲಾ ಒಂದೇ ಅಲ್ಲ. 5/16-18, 5/16-14, 3/8-10 ಹೀಗೆ ಬೇರೆ ಬೇರೆ ಇರುತ್ತೆ, ಮೊದಲನೇ ಸಂಖ್ಯೆ ಪಿನ್ ಎಷ್ಟು ಇಂಚು ದಪ್ಪ ಅಂತ, ಎರಡನೇದು ಒಂದು ಇಂಚಿಗೆ ಎಷ್ಟು ಮರೆ, ಅಂದ್ರೆ ಸ್ಕ್ರೂ ಮೈಮೇಲಿನ ಸುರುಳಿ ಗೆರೆ, ಅಂತ. ಮೊದಲೆರಡು ದಪ್ಪದಲ್ಲಿ ಒಂದೇ, ಕಣ್ಣಿಗೆ ವ್ಯತ್ಯಾಸ ಬೇಗ ಗೊತ್ತಾಗಲ್ಲ, ಒಂದೆರಡು ಸುತ್ತು ಹೋಗಿ ಬಿಗಿಯಾಯ್ತು ಅಂದ್ರೆ ಅಲ್ಲೇ ನಿಲ್ಲಿಸಿ, ಬಲ ಹಾಕಿದ್ರೆ ಒಳಗಿನ ಮರೆ ಸವೆದು ಇಲ್ಲದ ತೊಂದರೆ ಹೊಸದಾಗಿ ಬರುತ್ತೆ.

ಮಿಸ್‌ಕ್ಯೂ ಆಗ್ತಿದೆ, ಟಿಪ್ ಜಾರ್ತಿದೆ

ಹೆಚ್ಚು ಜನ ಹೇಳೋ ದೂರು ಇದೇ. ಸ್ಪಿನ್ ಕೊಡೋಕೆ ಹೋದ್ರೆ ಟಿಕ್ ಅಂತ ಸದ್ದಾಗಿ ಬಿಳಿ ಬಾಲ್ ಎಲ್ಲೋ ಓಡುತ್ತೆ. ಇಲ್ಲಿ ಎರಡೇ ಸಾಧ್ಯತೆ, ಒಂದೋ ಟಿಪ್ ಹಿಡೀತಿಲ್ಲ, ಇಲ್ಲಾ ನೀವು ಬಾಲಿನ ತುಂಬಾ ಅಂಚಿಗೆ ಹೊಡೀತಿದೀರ. ಇದನ್ನ ಬೇರೆ ಮಾಡೋಕೆ ಒಂದು ಒಳ್ಳೇ ಉಪಾಯ ಇದೆ, ಪಟ್ಟೆ ಬಾಲ್ ಉಪಾಯ.

ಪೂಲ್ ಬಾಲ್ ವ್ಯಾಸ 57.15 ಎಂಎಂ. ಚೆನ್ನಾಗಿ ಚಾಕ್ ಹಾಕಿರೋ ಟಿಪ್ಪಲ್ಲೂ ಬಾಲಿನ ನಡುವಿಂದ ಅದರ ರೇಡಿಯಸ್ಸಿನ ಅರ್ಧದಷ್ಟು, ಅಂದ್ರೆ ಸುಮಾರು 14 ಎಂಎಂ ದೂರದವರೆಗೆ ಹೊಡೀಬಹುದು, ಅದಕ್ಕಿಂತ ಆಚೆ ಹೋದ್ರೆ ಯಾರು ಹೊಡೆದ್ರೂ ಜಾರುತ್ತೆ. ಪಟ್ಟೆ ಬಾಲಲ್ಲಿ ಪಟ್ಟೆ ನಡುವಿಂದ ಅದರ ಅಂಚಿಗೆ ಹೆಚ್ಚುಕಮ್ಮಿ ಇಷ್ಟೇ ದೂರ ಇರುತ್ತೆ, ಪಟ್ಟೆ ಅಂಚೇ ನಮ್ಮ ಗಡಿ. ಹಾಗಾಗಿ ಬಿಳಿ ಬಾಲ್ ಬದಲು ಒಂದು ಪಟ್ಟೆ ಬಾಲ್ ಇಟ್ಕೊಳಿ, ಸೈಡ್ ಸ್ಪಿನ್ ಟೆಸ್ಟ್ ಮಾಡೋದಾದ್ರೆ ಪಟ್ಟೆ ನೆಟ್ಟಗೆ ನಿಂತಿರ್ಲಿ, ಡ್ರಾ ಶಾಟ್ (ಬಾಲ್ ವಾಪಸ್ ಬರೋಕೆ ಅದರ ನಡುವಿಗಿಂತ ಕೆಳಗೆ ಹೊಡೆಯೋದು) ಟೆಸ್ಟ್ ಮಾಡೋದಾದ್ರೆ ಅಡ್ಡ ಮಲಗಿರ್ಲಿ. ಬಾಲ್ ಒರೆಸಿ, ಟಿಪ್ಪಿಗೆ ಫ್ರೆಶ್ಶಾಗಿ ಚಾಕ್ ಹಾಕಿ, ಹೊಡೀರಿ, ಬಾಲ್ ಎತ್ಕೊಂಡು ನೋಡಿ. ಚಾಕಿನ ಸಣ್ಣ ಚುಕ್ಕೆ ಬಿದ್ದಿರುತ್ತೆ. ಚುಕ್ಕೆ ಪಟ್ಟೆ ಒಳಗಡೆನೇ ಇದ್ದು ಆದ್ರೂ ಜಾರಿದ್ರೆ ಟಿಪ್ ಮೇಲೆ ಅನುಮಾನ ಪಡಿ. ಚುಕ್ಕೆ ಪಟ್ಟೆ ದಾಟಿ ಬಿಳಿ ಭಾಗದಲ್ಲಿದ್ರೆ, ಅಥವಾ ಚುಕ್ಕೆ ಬದಲು ಉದ್ದಕ್ಕೆ ಎಳೆದ ಗೀರು ಅಲ್ಲಿ ಶುರುವಾಗಿದ್ರೆ, ಟಿಪ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಹೊಡೆಯುವಾಗ ಕೈ ಬೀಳ್ತಿದೆ ಅಥವಾ ಭುಜ ಎದ್ದು ಬರ್ತಿದೆ, ಅದನ್ನ ನೋಡ್ಕೊಳಿ. ನನ್ನ ಜೊತೆ ಆಡೋನೊಬ್ಬ ಮೂರು ಥರದ ಟಿಪ್ ಬದಲಾಯಿಸಿ ಆದ್ಮೇಲೆ ಈ ಟೆಸ್ಟ್ ಮಾಡ್ದ, ಚುಕ್ಕೆ ಪಟ್ಟೆಯಿಂದ ಒಂದು ಬೆರಳು ಆಚೆ ಇತ್ತು, ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಸರಿ, ತಪ್ಪು ಟಿಪ್ಪಲ್ಲೇ ಅಂತ ಆಯ್ತು ಅಂದ್ಕೊಳಿ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಚಾಕ್ ಒರೆಸಿದ್ಮೇಲೆ ಮೇಲ್ಮೈ ಪಳಪಳ ಅಂತಿದ್ರೆ ಚರ್ಮ ಒತ್ತಿ ಒತ್ತಿ ಗ್ಲೇಜ್ ಆಗಿದೆ ಅಂತ ಅರ್ಥ, ಅದರ ಮೇಲೆ ಚಾಕ್ ನಿಲ್ಲಲ್ಲ, ಮೊದಲನೇ ಶಾಟಿಗೇ ಉದುರಿ ಹೋಗುತ್ತೆ. ಇದಕ್ಕೆ ಸ್ಕಫರ್, ಅಂದ್ರೆ ಟಿಪ್ ಮೇಲ್ಮೈ ಒರಟು ಮಾಡೋ ಸಾಧನ ಸಾಕು, ಅದೂ ಉಜ್ಜೋದಲ್ಲ, ಮೆಲ್ಲಗೆ ಒತ್ತಿ ಹೊರಳಿಸೋದು. ಉಜ್ಜಿ ಉಜ್ಜಿ ಟಿಪ್ ಸವೆಸೋರೇ ಜಾಸ್ತಿ, ಸೂಜಿಮೊನೆ ಥರದ ಟಿಪ್ ಪಿಕ್ ಇದ್ರೆ ಇನ್ನೂ ಒಳ್ಳೇದು, ಚರ್ಮ ಹೋಗಲ್ಲ, ಬರೀ ತೂತು ಬೀಳುತ್ತೆ.

ಇನ್ನು ಆಕಾರ. ಟಿಪ್ ಮೇಲೆ ಗುಮ್ಮಟದಂಗಿರ್ಬೇಕು, ಆಡ್ತಾ ಆಡ್ತಾ ಅದು ಚಪ್ಪಟೆ ಆಗಿ ಬಾಲಿಗೆ ಚರ್ಮದ ಅಂಚು ಮಾತ್ರ ತಾಗೋಕೆ ಶುರುವಾಗುತ್ತೆ. ಪೂಲ್ ಆಡೋರು ಇದನ್ನ ಅಮೆರಿಕದ ಎರಡು ನಾಣ್ಯದ ಹೆಸರಲ್ಲಿ ಅಳೀತಾರೆ, ನಿಕಲ್ ಅಂದ್ರೆ 21.2 ಎಂಎಂ ವ್ಯಾಸದ ವೃತ್ತದ ಬಾಗು, ಡೈಮ್ ಅಂದ್ರೆ 17.9 ಎಂಎಂ. ಡೈಮ್ ಸ್ವಲ್ಪ ಜಾಸ್ತಿ ಗುಂಡಗೆ. ಎರಡರಲ್ಲಿ ಯಾವುದಾದ್ರೂ ಸರಿ, ಚಪ್ಪಟೆ ಮಾತ್ರ ಬೇಡ. ಟಿಪ್ಪಿಗೆ ಆಕಾರ ಕೊಡೋ ಶೇಪರ್ ಇಲ್ಲ ಅಂದ್ರೆ ಅಷ್ಟೇ ಅಗಲದ ಯಾವುದಾದ್ರೂ ನಾಣ್ಯ ಟಿಪ್ಪಿನ ಹಿಂದೆ ಇಟ್ಟು ಬೆಳಕಿಗೆ ಹಿಡೀರಿ, ಎರಡರ ಬಾಗೂ ಒಂದೇ ಥರ ಇದ್ಯಾ ಅಂತ ಕಾಣುತ್ತೆ.

ಚಾಕ್ ಬಗ್ಗೆನೂ ಎರಡು ಮಾತು. ಹೆಸರಿಗೆ ಚಾಕ್ ಅಷ್ಟೇ, ಬೋರ್ಡಲ್ಲಿ ಬರಿಯೋ ಸೀಮೆಸುಣ್ಣ ಅಲ್ಲ. 1897ರಲ್ಲಿ ವಿಲಿಯಂ ಸ್ಪಿಂಕ್ಸ್ ಅನ್ನೋ ಬಿಲಿಯರ್ಡ್ಸ್ ಆಟಗಾರ ಮತ್ತು ವಿಲಿಯಂ ಹಾಸ್ಕಿನ್ಸ್ ಅನ್ನೋ ಕೆಮಿಸ್ಟ್ ಸೇರಿ ಪೇಟೆಂಟ್ ಮಾಡಿಸಿದ ಮೇಲೆ ಅದು ಸಿಲಿಕಾ, ಅಲ್ಯೂಮಿನಿಯಂ ಆಕ್ಸೈಡ್ ಥರದ ಗರಗರ ಪುಡಿ, ಅದೇ ಬಾಲ್ ಮೇಲೆ ಹಿಡಿತ ಕೊಡೋದು. ಹಾಕೋದು ಹೇಗೆ ಅಂದ್ರೆ ಪೇಂಟ್ ಬಳಿದಂಗೆ ಅಂಚಿಂದ ಅಂಚಿಗೆ ಸವರೋದು. ಚಾಕ್ ಕ್ಯೂಬನ್ನ ಟಿಪ್ ಮೇಲಿಟ್ಟು ಗಿರಗಿರ ತಿರುಗಿಸೋರು ಇದಾರಲ್ಲ, ಅವರ ಕ್ಯೂಬ್ ನೋಡಿ, ನಡುವೆ ಬಾವಿ ತೋಡಿರ್ತಾರೆ, ಟಿಪ್ಪಿನ ನಡುವೆ ಏನೂ ಇರಲ್ಲ, ಚಾಕೆಲ್ಲ ಫೆರೂಲ್ ಮೇಲೆ.

ಹೊಡೆದಾಗ ಸದ್ದು ಬರ್ತಿದೆ

ಇದು ನನ್ನನ್ನ ಬೇಜಾನ್ ಸತಾಯಿಸಿರೋ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಸದ್ದು ಮರದಲ್ಲಿ ಹಿಂದೆ ಮುಂದೆ ಓಡುತ್ತೆ, ಕಿವಿ ನಂಬೋಕಾಗಲ್ಲ, ಬೆರಳನ್ನ ನಂಬಿ.

ಕ್ಯೂ ಬಿಚ್ಚಿ ಎರಡು ತುಂಡು ಮಾಡಿ. ಶಾಫ್ಟನ್ನ ಮೇಲಿಂದ ಮೂರನೇ ಒಂದು ಭಾಗದ ಹತ್ರ ಎರಡು ಬೆರಳಲ್ಲಿ ಸಡಿಲವಾಗಿ ನೇತಾಡಿಸಿ, ಇನ್ನೊಂದು ಕೈ ಬೆರಳಿನ ಗೆಣ್ಣಲ್ಲಿ ಟೊಕ್ ಅಂತ ತಟ್ಟಿ. ಒಳ್ಳೇ ಶಾಫ್ಟ್ ಆದ್ರೆ ಶುದ್ಧವಾಗಿ ಟಣ್ ಅನ್ನುತ್ತೆ, ಸ್ವಲ್ಪ ಹೊತ್ತು ನಿಲ್ಲುತ್ತೆ. ಒಡೆದ ಮಡಕೆ ಥರ ಕೇಳ್ಸಿದ್ರೆ ಟಿಪ್, ಫೆರೂಲ್ ಅಥವಾ ಜಾಯಿಂಟ್ ಹತ್ರದ ಬಳೆ ಸಡಿಲ. ಇನ್ನು ಬಟ್ ಹಿಡಿದು ಅದರ ಹಿಂಭಾಗವನ್ನ ಅಂಗೈಗೆ ತಟ್ಟಿ, ಬಂಪರ್ ಮೇಲೆ ಒಂದು ಬೆರಳು ಇಟ್ಟಾಗ ಸದ್ದು ನಿಂತ್ರೆ ಕಳ್ಳ ಸಿಕ್ಕ ಅಂತಾನೇ ಲೆಕ್ಕ.

ಎರಡೂ ತುಂಡು ಬೇರೆ ಬೇರೆ ಇದ್ದಾಗ ಸುಮ್ಮನಿದ್ದು, ಸೇರಿಸಿದ್ರೆ ಮಾತ್ರ ಸದ್ದು ಬಂದ್ರೆ? ಜಾಯಿಂಟ್. ಪಿನ್ ಮರೆಯಲ್ಲಿ ಚಾಕ್ ಪುಡಿ, ಬ್ಯಾಗಿನ ನೂಲು ಸೇರಿ ಎರಡು ಮುಖ ಪೂರ್ತಿ ಕೂರ್ತಿರಲ್ಲ. ಹಳೇ ಟೂತ್ ಬ್ರಶ್ಶಲ್ಲಿ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಹಾಕ್ಬೇಡಿ, ಮರದ ಒಳಗೆ ಇಳಿದು ಮರೆ ಹಾಳಾಗುತ್ತೆ, ಧೂಳೂ ಕಚ್ಕೊಳುತ್ತೆ. ಸೇರಿಸಿದ್ಮೇಲೆ ಜಾಯಿಂಟ್ ಹತ್ರ ಉಗುರಿಂದ ಗೀಚಿ ನೋಡಿ, ಮೆಟ್ಟಿಲು ಥರ ಸಿಕ್ರೂ ಪರವಾಗಿಲ್ಲ, ಎರಡು ಮುಖದ ನಡುವೆ ಬೆಳಕು ಕಾಣಬಾರದು ಅಷ್ಟೇ. ಆಟ ಆಡ್ತಾ ಆಡ್ತಾ ತಾನೇ ಸಡಿಲ ಆಗ್ತಿದ್ರೂ ಮೊದಲು ಇದೇ ಕ್ಲೀನಿಂಗ್.

ಬಟ್ಟಲ್ಲಿ ಸದ್ದು ಅಂತ ಗೊತ್ತಾದ್ರೆ ಬಂಪರ್ ತೆಗೀರಿ, ಕೆಲವು ಸ್ಕ್ರೂ, ಕೆಲವು ಬರೀ ಒತ್ತಿ ಕೂರ್ಸಿರ್ತಾರೆ, ಎಳೆಯೋಕೆ ಮುಂಚೆ ನಡುವೆ ಸ್ಕ್ರೂ ತಲೆ ಕಾಣುತ್ತಾ ನೋಡಿ. ಒಳಗಿನ ತೂಕದ ಬೋಲ್ಟ್ ಸಡಿಲ ಆಗಿದ್ರೆ ಉದ್ದ ಅಲೆನ್ ಕೀ ಹಾಕಿ ತಿರುಗಿಸಿದ್ರೆ ಮುಗೀತು, ಅದೂ ಕಾಲು ಸುತ್ತು ಸಾಕು, ಮರ ಬಿರಿಯೋ ಹಂಗೆ ಬಿಗೀಬೇಡಿ. ಬೋಲ್ಟೂ ಸರಿ, ಬಂಪರೂ ಸರಿ, ಆದ್ರೂ ಬಟ್ ನಡುವಿಂದ ಝುಂಯ್ ಅಂತಿದೆ ಅಂದ್ರೆ ವ್ರ್ಯಾಪ್ ಮೇಲ್ಗಡೆ ಮರ ಮರಕ್ಕೆ ಸೇರೋ ಒಳ ಜಾಯಿಂಟ್ ಅಂಟು ಬಿಟ್ಟಿರ್ಬಹುದು. ಅದಕ್ಕೆ ಮನೇಲಿ ಕೈ ಹಾಕ್ಬೇಡಿ, ಲೇತ್ ಇರೋ ಕ್ಯೂ ರಿಪೇರಿಯವರ ಕೆಲಸ.

ಮುಂದಿನ ತುದಿ ಮೇಲೆ ಅನುಮಾನ ಇದ್ರೆ ಫೆರೂಲನ್ನ ರಬ್ಬರ್ ತುಂಡಲ್ಲಿ ಹಿಡಿದು ಮೆಲ್ಲಗೆ ತಿರುಚಿ, ಅಲುಗಾಡಬಾರದು. ಕೂದಲೆಳೆ ಬಿರುಕು ಕಣ್ಣಿಗೆ ಕಾಣಲ್ಲ, ಅದಕ್ಕೆ ನೀಲಿ ಚಾಕ್ ಪುಡಿ ಫೆರೂಲ್ ಮೇಲೆ ಸವರಿ ಒಣ ಬಟ್ಟೆಯಲ್ಲಿ ಒರೆಸಿ, ಬಿರುಕಿದ್ರೆ ಅಲ್ಲಿ ಮಾತ್ರ ನೀಲಿ ಗೆರೆ ಉಳ್ಕೊಳುತ್ತೆ. ಉಳಿದ್ರೆ ಟಿಪ್ ಬದಲಾಯಿಸಿ ದುಡ್ಡು ದಂಡ ಮಾಡ್ಬೇಡಿ, ಫೆರೂಲೇ ಬದಲಾಗ್ಬೇಕು. ಲೇಯರ್ ಟಿಪ್ ಆದ್ರೆ ಪಕ್ಕದಿಂದ ನೋಡಿ, ಪದರದ ನಡುವೆ ಕಪ್ಪು ಸೀಳು ಕಂಡ್ರೆ ಪದರ ಬಿಟ್ಟಿದೆ, ಉಗುರಿಂದ ಮೇಲಿನ ಪದರ ಒತ್ತಿದ್ರೆ ಅದು ಉಸಿರಾಡಿದಂಗೆ ಅಲ್ಲಾಡುತ್ತೆ. ಆ ಟಿಪ್ ಹೋಯ್ತು ಬಿಡಿ.

ಬಾಗಿದೆಯಾ?

ಟೇಬಲ್ ಮೇಲೆ ಉರುಳಿಸಿ ನೋಡೋದು ಎಲ್ಲರಿಗೂ ಗೊತ್ತು, ಆದ್ರೆ ತಪ್ಪು ಜಾಗ ನೋಡ್ತಾರೆ. ಕ್ಯೂ ಹಿಂದೆ ದಪ್ಪ ಮುಂದೆ ತೆಳ್ಳಗೆ, ಹಾಗಾಗಿ ನೇರ ಇರೋ ಕ್ಯೂನೂ ನೆಟ್ಟಗೆ ಉರುಳಲ್ಲ, ಸುತ್ತಿಕೊಂಡೇ ಹೋಗುತ್ತೆ. ನೋಡ್ಬೇಕಾದ್ದು ಶಾಫ್ಟ್ ಮತ್ತು ಟೇಬಲ್ ಮೇಲಿನ ಬಟ್ಟೆ ನಡುವಿನ ಸಂದಿ. ಕಣ್ಣು ಟೇಬಲ್ ಮಟ್ಟಕ್ಕೆ ತಂದು ಮೆಲ್ಲಗೆ ಉರುಳಿಸಿ, ಆ ಬೆಳಕಿನ ಸಂದಿ ಒಂದೇ ಸಮ ಇದ್ರೆ ಸರಿ, ಒಂದ್ಸಲ ತೆಳ್ಳಗೆ ಒಂದ್ಸಲ ದಪ್ಪ ಅಂತ ಉಸಿರಾಡಿದ್ರೆ ಬಾಗಿದೆ. ಮೊದಲು ಶಾಫ್ಟ್ ಒಂದೇ, ಆಮೇಲೆ ಬಟ್ ಒಂದೇ, ಕೊನೆಗೆ ಸೇರಿಸಿ. ಎರಡೂ ಬೇರೆ ಬೇರೆ ನೇರವಾಗಿದ್ದು ಸೇರಿಸಿದಾಗ ಮಾತ್ರ ಕುಣಿದ್ರೆ ಮರ ಬಾಗಿಲ್ಲ, ಜಾಯಿಂಟ್ ಮುಖ ಕೊಳೆ ಅಥವಾ ಪಿನ್ ಸೊಟ್ಟ. ಮತ್ತೆ ಜಾಯಿಂಟ್ ಕ್ಲೀನ್ ಮಾಡಿ ನೋಡಿ.

ನಿಜವಾಗ್ಲೂ ಬಾಗಿದ್ರೂ ಸ್ವಲ್ಪ ಇದ್ರೆ ಆಟಕ್ಕೆ ಏನೂ ಆಗಲ್ಲ, ನನ್ನ ಹಳೇ ಶಾಫ್ಟ್ ಸ್ವಲ್ಪ ಬಾಗಿಯೇ ಇದೆ, ಅದರಲ್ಲೇ ಗೆದ್ದಿದೀನಿ, ಅದರಲ್ಲೇ ಸೋತಿದೀನಿ. ಮೊಣಕಾಲಿಗೆ ಇಟ್ಟು ವಾಪಸ್ ಬಗ್ಗಿಸೋ ಸಾಹಸ ಬೇಡ, ಬಗ್ಗಿದ್ರೂ ಕೆಲವೇ ದಿನದಲ್ಲಿ ಮತ್ತೆ ತನ್ನ ದಾರಿ ಹಿಡಿಯುತ್ತೆ. ಬಾಗೋಕೆ ಕಾರಣ ಮರ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ತೇವ ಕುಡಿಯೋದು, ಅದಕ್ಕೇ ಗೋಡೆಗೆ ಒರಗಿಸಿ ದಿನಗಟ್ಲೆ ಬಿಡಬಾರದು, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಡಲೇಬಾರದು. ಗಾಳಿಯ ತೇವಾಂಶ 40ರಿಂದ 60 ಪರ್ಸೆಂಟ್ ಇರೋ ರೂಮಲ್ಲಿ ಕೇಸಲ್ಲಿಟ್ರೆ ಮರ ನೆಮ್ಮದಿಯಾಗಿರುತ್ತೆ.

ಶಾಫ್ಟ್ ಅಂಟ್ತಿದೆ, ಬೆರಳಲ್ಲಿ ಓಡ್ತಿಲ್ಲ

ಹೆಚ್ಚಾಗಿ ಇದು ಬೆವರು, ಚಾಕ್, ಪೌಡರ್ ಮೂರೂ ಸೇರಿ ಕಟ್ಟಿರೋ ಪದರ. ಮೊದಲು ಕೈ ತೊಳ್ಕೊಂಡು ಒಣಗಿಸಿ ಆಡಿ ನೋಡಿ, ಬಹಳ ಸಲ ಅಷ್ಟಕ್ಕೇ ಮುಗಿಯುತ್ತೆ. ಮುಗೀಲಿಲ್ಲ ಅಂದ್ರೆ ಬಿಳಿ ಕಾಟನ್ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಶಾಫ್ಟ್ ಉದ್ದಕ್ಕೂ ಒರೆಸಿ, ಬಟ್ಟೆ ಎಷ್ಟು ನೀಲಿ ಬೂದಿ ಆಗುತ್ತೆ ನೋಡಿದ್ರೆ ಗಾಬರಿ ಆಗ್ತೀರ. ಆಮೇಲೆ ಒಂದು ಚರ್ಮದ ತುಂಡು ಅಥವಾ ಮಡಚಿದ ಕಾಗದ ಶಾಫ್ಟ್ ಸುತ್ತ ಬಿಗಿಯಾಗಿ ಹಿಡಿದು ಜೋರಾಗಿ ಮೇಲೆ ಕೆಳಗೆ ಉಜ್ಜಿ, ಕೈಗೆ ಬಿಸಿ ತಾಗೋವರೆಗೆ. ಆ ಬಿಸಿಗೇ ಮರದ ಎಳೆ ಮಲಗಿ ನುಣ್ಣಗಾಗೋದು.

ಉಪ್ಪುಕಾಗದ ಮಾತ್ರ ಅಭ್ಯಾಸ ಮಾಡ್ಕೋಬೇಡಿ. 400 ನಂಬರಿನ ಕಾಗದದಲ್ಲಿ ವಾರಕ್ಕೊಂದ್ಸಲ ಉಜ್ಜೋರನ್ನ ನೋಡಿದೀನಿ, 13 ಎಂಎಂ ಶಾಫ್ಟ್ ನಿಧಾನಕ್ಕೆ ತೆಳ್ಳಗಾಗ್ತಾ ಹೋಗಿ ಫೆರೂಲ್ ಹತ್ರ ಸೊಂಟ ಬಂದಿರುತ್ತೆ, ಆಮೇಲೆ ಕ್ಯೂ ಮೊದಲಿನಂಗೆ ಹೊಡೀತಿಲ್ಲ ಅಂತ ಅಳ್ತಾರೆ. ಬೇಕೇ ಬೇಕು ಅಂದ್ರೆ 2000 ನಂಬರು, ಅದೂ ಅಪರೂಪಕ್ಕೆ. ಕಾರ್ಬನ್ ಶಾಫ್ಟಿಗೆ ಕಾಗದ ಮುಟ್ಟಿಸಲೇಬೇಡಿ, ಆಲ್ಕೋಹಾಲಲ್ಲಿ ಒರೆಸಿದ್ರೆ ಸಾಕು.

ಒಂದೇ ಜಾಗದಲ್ಲಿ ಬೆರಳಿಗೆ ಸಿಗೋ ತಗ್ಗು ಇದ್ರೆ ಅದು ಕೊಳೆಯಲ್ಲ, ಏಟು ಬಿದ್ದು ಮರದ ಎಳೆ ಒಳಗೆ ಹೋಗಿದೆ. ಟಿಶ್ಯೂ ಪೇಪರಿನ ಸಣ್ಣ ತುಂಡು ಒದ್ದೆ ಮಾಡಿ ಆ ತಗ್ಗಿನ ಮೇಲೆ ಮಾತ್ರ ಹತ್ತು ನಿಮಿಷ ಇಡಿ, ಎಳೆ ನೀರು ಕುಡಿದು ಊದಿಕೊಂಡು ಮೇಲೆ ಬರುತ್ತೆ, ರಾತ್ರಿಯೆಲ್ಲ ಒಣಗಿಸಿ ಬೆಳಿಗ್ಗೆ ಚರ್ಮದಲ್ಲಿ ಉಜ್ಜಿ. ಮರದ ಎಳೆ ತುಂಡಾಗಿರೋ ಗಾಯ ಆದ್ರೆ ಇದರಿಂದ ಏಳಲ್ಲ.

ಎಲ್ಲ ನೋಡಿ ಆಯ್ತು, ಟಿಪ್ಪೇ ಹೋಗಿದೆ

ಅಂಚಲ್ಲಿ ಚರ್ಮ 2 ಎಂಎಂಗಿಂತ ಕಮ್ಮಿ ಉಳಿದಿದ್ರೆ, ಪದರ ಬಿಟ್ಟಿದ್ರೆ, ಅಥವಾ ಎಷ್ಟು ಚುಚ್ಚಿದ್ರೂ ಚಾಕ್ ನಿಲ್ತಿಲ್ಲ ಅಂದ್ರೆ ಬದಲಾಯಿಸೋದೇ. ಅಣಬೆ ಥರ ಹೊರಗೆ ಊದಿರೋದು ಮಾತ್ರ ಆದ್ರೆ ಪಕ್ಕ ಕತ್ತರಿಸಿದ್ರೆ ಸಾಕು, ಹೊಸ ಟಿಪ್ ಬೇಡ.

ಬ್ಲೇಡಿಂದ ಹಳೇ ಟಿಪ್ ಪದರ ಪದರವಾಗಿ ಕತ್ತರಿಸಿ, ಒಂದೇ ಏಟಿಗೆ ಕಿತ್ರೆ ಫೆರೂಲ್ ಅಂಚು ಚಕ್ಕೆ ಏಳುತ್ತೆ. ಫೆರೂಲ್ ಮೇಲಿನ ಹಳೇ ಅಂಟು ಪೂರ್ತಿ ಹೋಗ್ಬೇಕು, ಗಾಜಿನ ಮೇಲೆ ಉಪ್ಪುಕಾಗದ ಇಟ್ಟು ಶಾಫ್ಟ್ ನೆಟ್ಟಗೆ ಹಿಡಿದು ಎರಡು ಮೂರು ಸಲ ಸವರಿ, ಚಪ್ಪಟೆ ಆಗಿರ್ಬೇಕು, ಗುಮ್ಮಟ ಆದ್ರೆ ನಡುವೆ ಮಾತ್ರ ಅಂಟಿ ಅಂಚು ಗಾಳಿಯಲ್ಲಿರುತ್ತೆ, ಆಮೇಲೆ ಅದೇ ಟಿಕ್ ಟಿಕ್ ಸದ್ದು. ಹೊಸ ಟಿಪ್ಪಿನ ಕೆಳಭಾಗವನ್ನೂ ಸ್ವಲ್ಪ ಒರಟು ಮಾಡಿ. ಜೆಲ್ ಥರದ ಸೂಪರ್ ಗ್ಲೂ ಒಂದು ಹನಿ, ಹರಡಿ, ಟಿಪ್ ನಡುವಿಗೆ ಇಟ್ಟು ಒತ್ತಿ ಹಿಡೀರಿ, ಫೆರೂಲ್ ಸುತ್ತ ಅಂಟಿನ ತೆಳು ಬಳೆ ಒಂದೇ ಸಮ ಹೊರಗೆ ಬಂದ್ರೆ ಚೆನ್ನಾಗಿ ಕೂತಿದೆ ಅಂತ ಅರ್ಥ. ಅವಸರ ಮಾಡ್ದೆ ಪೂರ್ತಿ ಒಣಗಲಿ. ಆಮೇಲೆ ಫೆರೂಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಶಾಫ್ಟ್ ತಲೆಕೆಳಗಾಗಿ ಮರದ ಹಲಗೆ ಮೇಲೆ ಒತ್ತಿ ಹೆಚ್ಚಾಗಿರೋ ಚರ್ಮ ಬ್ಲೇಡಿಂದ ಕೆಳಗೆ ಕತ್ತರಿಸಿ, ಪಕ್ಕಕ್ಕೆ ನುಣುಪು ಉಪ್ಪುಕಾಗದ ಹಾಕಿ ಸಮ ಮಾಡಿ, ಬೆರಳಲ್ಲಿ ಸ್ವಲ್ಪ ನೀರು ಸವರಿ ಚರ್ಮದ ತುಂಡಲ್ಲಿ ಜೋರಾಗಿ ಉಜ್ಜಿ ಹೊಳಪು ಬರಿಸಿ. ಈ ಹೊಳಪು ಪಕ್ಕಕ್ಕೆ ಮಾತ್ರ, ಮೇಲಕ್ಕಲ್ಲ, ಮೇಲೆ ಹೊಳಪು ಬಂದ್ರೆ ಮತ್ತೆ ಮಿಸ್‌ಕ್ಯೂ.

ಗಟ್ಟಿ ಟಿಪ್ಪಾ ಮೆತ್ತಂದಾ ಅಂತ ತಲೆ ಕೆಡಿಸ್ಕೊಳೋರಿಗೆ: ಮೆತ್ತನೆ ಟಿಪ್ ಬೇಗ ಅಣಬೆ ಆಗುತ್ತೆ, ಬೇಗ ಆಕಾರ ಬಿಡುತ್ತೆ, ಗಟ್ಟಿ ಟಿಪ್ ಬೇಗ ಗ್ಲೇಜ್ ಆಗುತ್ತೆ. ನನಗೆ ನಡುವಿನದ್ದೇ ಸಾಕು.

ಹೊಸ ಟಿಪ್ ಹಾಕಿದ ಮೊದಲ ಕೆಲವು ಗಂಟೆ ಆಟದಲ್ಲಿ ಅದು ಒತ್ತಿ ಕೂರುತ್ತೆ, ಸದ್ದು ಬದಲಾಗುತ್ತೆ, ಸ್ವಲ್ಪ ಊದಲೂಬಹುದು. ಇದನ್ನ ಹೊಸ ದೋಷ ಅಂದ್ಕೊಂಡು ಮತ್ತೆ ಕೀಳಬೇಡಿ, ಪಕ್ಕ ಒಂದ್ಸಲ ಕತ್ತರಿಸಿ ಮೇಲೆ ಒಂದ್ಸಲ ಗುಂಡಗೆ ಮಾಡಿ ಆಡ್ತಾ ಇರಿ. ಅದಾದ್ಮೇಲೂ ಝುಂಯ್ ಅಂದ್ರೆ, ಹಿಂದೆ ಬಂಪರ್ ಸ್ಕ್ರೂ ನೋಡಿ.